ಪುಸ್ತಕ ಕೈಗಿಡುವವರು

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ. ಮೂರು ಗರ್ಭಗುಡಿಗಳ ಈ ತ್ರಿಕೂಟ ದೇವಾಲಯವನ್ನು ನೋಡಲು ಬಂದವರಿಗೆ ಊರಿನವರು ತಪ್ಪದೆ ತೋರಿಸುವ ಇನ್ನೊಂದು ವಿಶೇಷ ‘ಹದಿನಾರು ಮುಖದ ಚಾವಡಿ’. ಈ ಸೀಮೆಯನ್ನು ಆಳುತ್ತಿದ್ದ ನಾಯಕನಿಗೆ 16 ಮಂದಿ ಅಳಿಯಂದಿರಿದ್ದರಂತೆ. ಒಬ್ಬರಿಗೆ ಮೇಲಿನ ಆಸನ, ಇನ್ನೊಬ್ಬರಿಗೆ ಕೆಳಗಿನ ಆಸನ ಎಂಬ ಮುನಿಸು ಹುಟ್ಟದಿರಲೆಂದು ಎಲ್ಲರಿಗೂ ಸಮನಾದ ಜಾಗ ಸಿಗುವಂತೆ ಈ ಚಾವಡಿಯನ್ನು ಕಟ್ಟಿಸಿದನೆಂಬುದು ಜನರ ಬಾಯಲ್ಲಿ ಉಳಿದು ಬಂದಿರುವ ಕಥೆ. ಕಥೆ ನಿಜವೋ ಅಲ್ಲವೋ, ಕೂತವರೆಲ್ಲರೂ ಸಮಾನರು ಎಂಬ ಅದರೊಳಗಿನ ಮಾತು ಮಾತ್ರ ಚೆನ್ನಾಗಿದೆ.

ಇಂದು ಹಳ್ಳಿಯಲ್ಲಿ ಅಂಥ ಮಾತನ್ನು ಆಡಬಹುದಾದ ಜಾಗ ಯಾವುದು ಎಂದು ಹುಡುಕಿದರೆ ಕಣ್ಣಿಗೆ ಬೀಳುವುದು ಗ್ರಾಮ ಪಂಚಾಯಿತಿಯ ಗ್ರಂಥಾಲಯ. ಅಲ್ಲಿ ಜಮೀನುದಾರನಿಗೂ ಕೂಲಿಯವನ ಮಗಳಿಗೂ ಒಂದೇ ಬೆಂಚು, ಒಂದೇ ಪತ್ರಿಕೆ. ಆದರೆ ಬೆಂಚು ಹಾಕಿಸಿ ಬೀರುವಿನಲ್ಲಿ ಪುಸ್ತಕ ಜೋಡಿಸಿದ ಮಾತ್ರಕ್ಕೆ ಗ್ರಂಥಾಲಯದ ಕೆಲಸ ಮುಗಿಯಿತೇ? ಹೊಸ ಪುಸ್ತಕ ಬಂದಿದೆ, ಇದು ನಿಮಗೆ ಹಿಡಿಸಬಹುದು, ತೆಗೆದುಕೊಂಡು ಹೋಗಿ ಎಂದು ಹೇಳುವವರು ಯಾರು? ಗ್ರಂಥಾಲಯಗಳ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಕಟ್ಟಡ, ಕರ, ಕಂಪ್ಯೂಟರ್ ಎಲ್ಲವೂ ಬರುತ್ತವೆ. ಈ ಒಂದು ಪ್ರಶ್ನೆ ಮಾತ್ರ ಹಿಂದೆ ಉಳಿದುಬಿಡುತ್ತದೆ.

ಚಾವಡಿಯ ಓದು

ಪುಸ್ತಕವನ್ನು ಪರಿಚಯಿಸುವ ಕೆಲಸ ನಮ್ಮ ನಾಡಿಗೆ ಹೊಸದೇನಲ್ಲ. ಅಕ್ಷರ ಬಲ್ಲವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಕುಮಾರವ್ಯಾಸನ ಭಾರತವೂ ಲಕ್ಷ್ಮೀಶನ ಜೈಮಿನಿ ಭಾರತವೂ ಹಳ್ಳಿಹಳ್ಳಿಗೆ ತಲುಪಿದ್ದು ಗಮಕಿಗಳ ಮೂಲಕ. ಸಂಜೆಯ ಹೊತ್ತು ಚಾವಡಿಯಲ್ಲೋ ದೇವಸ್ಥಾನದ ಜಗಲಿಯಲ್ಲೋ ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಿದ್ದರು. ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಿದ್ದರು. ಯಾವ ಊರಿಗೆ ಯಾವ ಪ್ರಸಂಗ, ಮಳೆ ಹೋದ ವರ್ಷ ಯಾವುದನ್ನು ಓದಿಸಬೇಕು, ಯಾವ ಪದ್ಯವನ್ನು ಬಿಟ್ಟು ಮುಂದಕ್ಕೆ ಹೋಗಬೇಕು ಎಂಬುದನ್ನೆಲ್ಲ ಎದುರಿಗೆ ಕೂತವರ ಮುಖ ನೋಡಿಯೇ ತೀರ್ಮಾನಿಸಬೇಕಿತ್ತು. ಶಿವಮೊಗ್ಗದ ಬಳಿಯ ಹೊಸಹಳ್ಳಿಯಲ್ಲಿ ಈ ಕಲೆ ಇಂದಿಗೂ ಜೀವಂತವಾಗಿದೆ. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಕಪಿಲೆ ಮತ್ತು ಕಾವೇರಿ ಹರಿಯುವ ಈ ಸೀಮೆಗೆ ಇನ್ನೂ ಒಂದು ಪರಂಪರೆಯಿದೆ. ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹಾಡುತ್ತಾರೆ. ಮಲೆ ಮಾದಪ್ಪನ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಈ ಕಾವ್ಯಗಳು ಅಚ್ಚಾಗಿ ಗ್ರಂಥಾಲಯದ ಬೀರು ಸೇರಿದ್ದು ತೀರ ಈಚೆಗೆ, ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಹಾಡುಗಾರರ ಬಾಯಿಂದ ಅವನ್ನು ಬರೆದುಕೊಂಡ ಮೇಲೆ. ಅಲ್ಲಿಯವರೆಗೆ ಪುಸ್ತಕ, ಸಂಗೀತ, ಅದನ್ನು ಊರಿಗೆ ತಂದುಕೊಡುವ ವ್ಯಕ್ತಿ ಮೂವರೂ ಒಬ್ಬರೇ ಆಗಿದ್ದರು.

ಆಧುನಿಕ ಗ್ರಂಥಾಲಯ ಬಂದಾಗ ಈ ಮೂರೂ ಬೇರೆಬೇರೆಯಾದವು. ಪುಸ್ತಕ ಬೀರುವಿಗೆ ಹೋಯಿತು. ಸಂಗೀತ ರೇಡಿಯೊಗೆ ಹೋಯಿತು. ತಂದುಕೊಡುವವರ ಕೈಗೆ ದಾಸ್ತಾನು ಪುಸ್ತಕ ಬಂತು.

ರಂಗನಾಥನ್ ಹೇಳಿದ್ದು

ಈ ಅಪಾಯವನ್ನು ಮೊದಲೇ ಕಂಡವರು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳು ಇಂದಿಗೂ ಜಗತ್ತಿನ ಗ್ರಂಥಾಲಯ ಶಾಲೆಗಳಲ್ಲಿ ಪಾಠವಾಗಿವೆ. ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು ಮೊದಲನೆಯದು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬುದು ಎರಡನೆಯದು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬುದು ಮೂರನೆಯದು. ಓದುಗನ ಸಮಯ ಉಳಿಸಬೇಕು, ಗ್ರಂಥಾಲಯ ಸದಾ ಬೆಳೆಯುವ ಜೀವಿ ಎಂಬುವು ಉಳಿದ ಎರಡು.

ಎರಡನೆಯ ಮತ್ತು ಮೂರನೆಯ ಸೂತ್ರಗಳು ಮೇಲ್ನೋಟಕ್ಕೆ ಒಂದೇ ಅನ್ನಿಸುತ್ತವೆ. ಆದರೆ ಅವುಗಳ ನಡುವೆ ಬಹಳ ಅಂತರವಿದೆ. ಎರಡನೆಯದರಲ್ಲಿ ಓದುಗನೇ ಬಂದು ಕೇಳುತ್ತಾನೆ, ಸಿಬ್ಬಂದಿ ಹುಡುಕಿಕೊಡುತ್ತಾರೆ. ಮೂರನೆಯದರಲ್ಲಿ ಯಾರೂ ಕೇಳದೆ ಕೂತಿರುವ ಪುಸ್ತಕದ ಪರವಾಗಿ ಸಿಬ್ಬಂದಿಯೇ ಓದುಗನನ್ನು ಹುಡುಕಬೇಕು. ಹೆಣ್ಣು ಕೊಡುವ ಮನೆಯವರೂ ಗಂಡು ನೋಡುವ ಮನೆಯವರೂ ಒಪ್ಪುವಂತೆ ಮಾಡುವ ಸಂಬಂಧದ ಕೆಲಸದ ಹಾಗೆ ಇದು. ಪುಸ್ತಕವೂ ಗೊತ್ತಿರಬೇಕು, ಮನುಷ್ಯನೂ ಗೊತ್ತಿರಬೇಕು.

ರಂಗನಾಥನ್ ಸೂತ್ರ ಬರೆದು ಸುಮ್ಮನಾಗಲಿಲ್ಲ. ಅದೇ 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನಗಾಡಿಯ ಸಂಚಾರಿ ಗ್ರಂಥಾಲಯವೊಂದು ಆರಂಭವಾಯಿತು. ಗಾಡಿ ಕಟ್ಟಿಸಿ ಕೊಟ್ಟವರು ಕನಕಸಭೈ ಪಿಳ್ಳೆ. ಇತ್ತ ಕನ್ನಡ ನಾಡಿನಲ್ಲಿ ಅದಕ್ಕೂ ಮೊದಲೇ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮುಂದೆ ಜಿ.ಪಿ. ರಾಜರತ್ನಂ ಕೂಡ ಕನ್ನಡ ಪುಸ್ತಕಗಳನ್ನು ಹೊತ್ತು ಓದುಗರ ಬಾಗಿಲಿಗೆ ಹೋದರು. ಪುಸ್ತಕ ತಾನಾಗಿ ನಡೆಯುವುದಿಲ್ಲ, ಯಾರಾದರೂ ನಡೆಸಬೇಕು ಎಂಬುದನ್ನು ಇವರೆಲ್ಲ ಅನುಭವದಿಂದ ಅರಿತಿದ್ದರು.

ಬೇರೆ ದೇಶಗಳಲ್ಲೂ ಇದರ ವಿಚಾರ ನಡೆದಿದೆ. ಅಮೆರಿಕದ ವುಸ್ಟರ್ ಪಟ್ಟಣದ ಗ್ರಂಥಪಾಲಕ ಸ್ಯಾಮ್ಯುಯೆಲ್ ಗ್ರೀನ್ 1876ರಲ್ಲೇ ಒಂದು ಪ್ರಬಂಧ ಓದಿ, ಗ್ರಂಥಪಾಲಕರು ಓದುಗರೊಂದಿಗೆ ಆಪ್ತವಾಗಿ ಬೆರೆಯಬೇಕೆಂದು ವಾದಿಸಿದ್ದರು. ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ 1998ರಲ್ಲಿ ಸಿಯಾಟಲ್ ನಗರದ ಜನರೆಲ್ಲ ಒಂದೇ ಪುಸ್ತಕವನ್ನು ಓದಿ ಚರ್ಚಿಸುವ ಕಾರ್ಯಕ್ರಮ ಹಾಕಿಕೊಂಡರು. ಅದನ್ನು ನೋಡಿ ಎಷ್ಟೋ ಊರುಗಳು ಹಾಗೆಯೇ ಮಾಡಿದವು. ಅಲ್ಲಿನ ಅನೇಕ ಗ್ರಂಥಾಲಯಗಳಲ್ಲಿ ಹೊಸ ಪುಸ್ತಕ ಮತ್ತು ಹೊಸ ಸಂಗೀತದ ತಟ್ಟೆಗಳ ಪಕ್ಕದಲ್ಲಿ ಸಿಬ್ಬಂದಿ ಕೈಯಿಂದ ಬರೆದ ನಾಲ್ಕು ಸಾಲಿನ ಚೀಟಿ ಇರುತ್ತದೆ. ನಾನು ಓದಿದೆ, ನನಗೆ ಇದು ಯಾಕೆ ಹಿಡಿಸಿತು ಎಂಬಷ್ಟೇ ಅದರ ಸಾರಾಂಶ.

ಹೊಸ ಪುಸ್ತಕ ಊರಿಗೆ ಬರುವ ದಾರಿ

ನಮ್ಮಲ್ಲಿ ಹೊಸ ಪುಸ್ತಕ ಹಳ್ಳಿಗೆ ಬರುವ ದಾರಿ ಉದ್ದವಾದದ್ದು. ಮದ್ರಾಸು ರಾಜ್ಯ 1948ರಲ್ಲೇ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಆಗಿನ ಮೈಸೂರು ರಾಜ್ಯದ ಕಾಯ್ದೆ 1965ರದು. ಅದು 1966ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಇದರಂತೆ ಸ್ಥಳೀಯ ಸಂಸ್ಥೆಗಳು ವಸೂಲು ಮಾಡುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಸೇರಿರುತ್ತದೆ. ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ಅಂದರೆ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ, ಅಕ್ಷರ ಬಾರದವರೂ ಸಹ, ಗ್ರಂಥಾಲಯದ ಪಾಲುದಾರರೇ.

ಕನ್ನಡ ಪುಸ್ತಕಗಳನ್ನು ಸರ್ಕಾರ ಸಗಟಾಗಿ ಕೊಂಡು ಗ್ರಂಥಾಲಯಗಳಿಗೆ ಹಂಚುತ್ತದೆ. ಪ್ರಕಾಶಕರು ಆಯಾ ವರ್ಷದ ಪ್ರಕಟಣೆಗಳನ್ನು ಆಯ್ಕೆಗೆ ಕಳಿಸಬೇಕು. ಸಮಿತಿ ಅವನ್ನು ನೋಡಿ ಪಟ್ಟಿ ಮಾಡಬೇಕು. ಪಟ್ಟಿಗೆ ಒಪ್ಪಿಗೆ ಸಿಗಬೇಕು, ಹಣ ಬಿಡುಗಡೆಯಾಗಬೇಕು, ಮೂಟೆಗಳು ಜಿಲ್ಲೆಗಳಿಗೆ ಹೋಗಬೇಕು. ಕನ್ನಡ ಪ್ರಕಾಶನ ಉಳಿದುಕೊಂಡಿರುವುದರಲ್ಲಿ ಈ ಯೋಜನೆಯ ಪಾಲು ದೊಡ್ಡದು. ಇದು ತಡವಾಗುತ್ತಿದೆ ಎಂದು ಲೇಖಕರೂ ಪ್ರಕಾಶಕರೂ ಮತ್ತೆ ಮತ್ತೆ ದನಿ ಎತ್ತಿರುವುದೂ ನಿಜ. ಪರಿಣಾಮವಾಗಿ, ಬೆಂಗಳೂರಿನಲ್ಲಿ ಬಿಡುಗಡೆಯಾಗಿ ವಿಮರ್ಶೆ, ಬಹುಮಾನ ಎಲ್ಲ ಮುಗಿದ ಮೇಲೆ ಪುಸ್ತಕ ಹಳ್ಳಿಯ ಬೀರುವಿಗೆ ಬರುತ್ತದೆ. ಹಳ್ಳಿಯ ಮಟ್ಟಿಗೆ ಅದೇ ಹೊಸ ಪುಸ್ತಕ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ದಾರಿಯ ಯಾವ ತಿರುವಿನಲ್ಲೂ ಹಳ್ಳಿಯ ಗ್ರಂಥಪಾಲಕರ ಮಾತಿಗೆ ಹೆಚ್ಚು ಜಾಗವಿಲ್ಲ. ಊರಿನವರ ರುಚಿ ಏನು, ಎಷ್ಟು ಮಂದಿ ಹೆಣ್ಣುಮಕ್ಕಳು ಬರುತ್ತಾರೆ, ಯಾವ ಪುಸ್ತಕದ ಹಾಳೆ ಕಿತ್ತುಬರುವಷ್ಟು ಓದಿದ್ದಾರೆ, ಯಾವುದನ್ನು ಯಾರೂ ಮುಟ್ಟಿಲ್ಲ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಆದರೆ ಆಯ್ಕೆ ಮೇಲಿನಿಂದ ಬರುತ್ತದೆ. ಹೀಗಿರುವಾಗ ಅವರ ಕೈಯಲ್ಲಿ ಉಳಿಯುವ ಅಧಿಕಾರ ಒಂದೇ: ಬಂದ ಮೂಟೆಯನ್ನು ಬಿಚ್ಚಿ, ಯಾವುದು ಯಾರಿಗೆ ಎಂದು ಯೋಚಿಸುವುದು. ಆ ಅಧಿಕಾರವನ್ನೂ ಬಳಸದಿದ್ದರೆ ಜನ ಕಟ್ಟಿದ ಕರ ಬೀರುವಿನೊಳಗೆ ದೂಳು ತಿನ್ನುತ್ತದೆ.

ಒಂದು ಅನುಭವ

ನಾನು ಪ್ರೌಢಶಾಲೆಯಲ್ಲಿದ್ದಾಗ ಪತ್ತೇದಾರಿ ಕಾದಂಬರಿಗಳ ಹುಚ್ಚಿತ್ತು. ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿದ್ದ ಅಂಥವನ್ನೆಲ್ಲ ಮುಗಿಸಿ, ಇನ್ನೇನಿದೆ ಎಂದು ದಿನವೂ ಪೀಡಿಸುತ್ತಿದ್ದೆ. ಒಂದು ಶನಿವಾರ ಅಲ್ಲಿನ ಸಹಾಯಕರು ಒಳಗಿನಿಂದ ತೆಳ್ಳನೆಯ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟರು. ‘ಇದ್ನ ಓದು ಮರಿ. ಇದೂ ಪತ್ತೇದಾರಿಕೇನೆ. ಆದ್ರೆ ಇಲ್ಲಿ ಹುಡುಕೋದು ಕಳ್ಳನ್ನಲ್ಲ, ಹಾರೋ ಓತಿನ’ ಅಂದರು. ಅದು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿ ಸೋಮವಾರ ಹೋದಾಗ, ‘ಹೆಂಗಿತ್ತು?’ ಎಂದು ಕೇಳಿದರು. ನನ್ನ ಉತ್ತರ ಮುಗಿಯುವ ಮೊದಲೇ ಇನ್ನೊಂದು ಪುಸ್ತಕ ಸಿದ್ಧವಾಗಿತ್ತು.

ಅವರು ಮಾಡಿದ್ದೇನು ಎಂದು ಈಗ ಯೋಚಿಸಿದರೆ ರಂಗನಾಥನ್ ಅವರ ಮೂರನೆಯ ಸೂತ್ರವೇ ಕಾಣುತ್ತದೆ. ಪತ್ತೇದಾರಿ ಓದುವವನು ಕೀಳು ಓದುಗ ಎಂದು ಅವರು ಹೇಳಲಿಲ್ಲ. ಅವನಿಗೆ ಬೇಕಾದ ರುಚಿ ಹುಡುಕಾಟದ ರುಚಿ ಎಂಬುದನ್ನು ಗುರುತಿಸಿದರು. ಅದೇ ರುಚಿ ಇರುವ ಬೇರೆ ಪುಸ್ತಕವನ್ನು ಕೊಟ್ಟರು. ಓದಿದ ಮೇಲೆ ವಿಚಾರಿಸಿದರು. ಸಿಬ್ಬಂದಿಯ ಶಿಫಾರಸು ಎಂಬುದರ ಗುಟ್ಟೆಲ್ಲ ಇಷ್ಟೆ: ಕೇಳುವುದು, ಹೋಲಿಸುವುದು, ಕೊಡುವುದು, ಮತ್ತೆ ಕೇಳುವುದು. ಇದಕ್ಕೆ ದುಡ್ಡಿನ ಖರ್ಚಿಲ್ಲ. ಆದರೆ ಕೊಡುವವರು ಸ್ವತಃ ಓದಿರಬೇಕು.

ಹಾಡಿನ ಪಾಡು

ಇನ್ನು ಸಂಗೀತದ ವಿಷಯ. ನಮ್ಮ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಹಾಡನ್ನು ಎರವಲು ಕೊಡುವ ಪದ್ಧತಿ ಬೇರೂರಲೇ ಇಲ್ಲ. ಆ ಕೆಲಸವನ್ನು ಮಾಡಿದ್ದು ಬಾನುಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ನಾಡಿಗೆ ಪರಿಚಯವಾದದ್ದು ಆ ನಿಲಯದಿಂದಲೇ. ಯಾವ ಹಾಡು ಕೇಳಬೇಕು, ಹಾಡಿದವರು ಯಾರು, ಬರೆದವರು ಯಾರು ಎಂಬುದನ್ನು ಉದ್ಘೋಷಕರು ಎರಡು ಮಾತಿನಲ್ಲಿ ಹೇಳಿ ಹಾಡು ಹಾಕುತ್ತಿದ್ದರು. ಅದೂ ಒಂದು ಬಗೆಯ ಶಿಫಾರಸೇ.

ಆಮೇಲೆ ಬಂದದ್ದು ಧ್ವನಿಸುರುಳಿ. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ಕ್ಕೆ ಮೈಸೂರು ಅನಂತಸ್ವಾಮಿ ರಾಗ ಹಾಕಿದರು. 1978ರಲ್ಲಿ ಬಂದ ಆ ಧ್ವನಿಸುರುಳಿ ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾಗಿದೆ. ಕವನ ಸಂಕಲನವನ್ನು ಎಂದೂ ಕೈಯಲ್ಲಿ ಹಿಡಿಯದ ಸಾವಿರಾರು ಜನ ಆ ಕವಿಯನ್ನು ಹಾಡಿನ ಮೂಲಕ ತಿಳಿದರು. ಹಾಡು ಪುಸ್ತಕದ ಕಡೆಗೆ ಕರೆದೊಯ್ದ ದೊಡ್ಡ ಉದಾಹರಣೆ ಇದು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಮಳವಳ್ಳಿ ಮಹದೇವಸ್ವಾಮಿ ಅವರ ಕಥಾಗಾಯನದ ಕ್ಯಾಸೆಟ್ಟುಗಳೂ ಅಷ್ಟೇ ಪ್ರಸಿದ್ಧವಾದವು. ಪೇಟೆಯ ಕ್ಯಾಸೆಟ್ ಅಂಗಡಿಯವನಿಗೆ ಗಿರಾಕಿಯ ಮುಖ ನೋಡಿದರೆ ಸಾಕು, ಯಾವ ಸುರುಳಿ ತೆಗೆಯಬೇಕೆಂದು ಗೊತ್ತಾಗುತ್ತಿತ್ತು.

ಈಗ ಕ್ಯಾಸೆಟ್ ಅಂಗಡಿಗಳಿಲ್ಲ. ಹಾಡು ಫೋನಿನಲ್ಲಿದೆ. ಮುಂದಿನ ಹಾಡು ಯಾವುದೆಂದು ಯಂತ್ರವೇ ಹೇಳುತ್ತದೆ. ನೀವು ನಿನ್ನೆ ಕೇಳಿದ್ದು ಯಾವುದು, ನಿಮ್ಮಂಥವರು ಹೆಚ್ಚು ಕೇಳುತ್ತಿರುವುದು ಯಾವುದು ಎಂಬ ಲೆಕ್ಕದ ಮೇಲೆ ಅದರ ಶಿಫಾರಸು ನಿಂತಿದೆ. ಈ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನೀಲಗಾರರ ಮನೆಯ ಹುಡುಗನಿಗೆ, ನಿಮ್ಮಜ್ಜ ಹಾಡುತ್ತಿದ್ದುದು ಇದೇ ಕಣೋ, ಪುಸ್ತಕದಲ್ಲೂ ಇದೆ ನೋಡು ಎಂದು ಹೇಳಲು ಆ ಯಂತ್ರಕ್ಕೆ ಬರುವುದಿಲ್ಲ. ಅದನ್ನು ಹೇಳಲು ಆ ಮನೆಯನ್ನು ಬಲ್ಲವರು ಬೇಕು.

ಪಕ್ಕದ ಊರಿನವರೇ ಹೊಸಬರು

ಹೊಸದೆಂದರೆ ಈ ವರ್ಷ ಅಚ್ಚಾದದ್ದು ಮಾತ್ರ ಎಂದು ತಿಳಿಯಬೇಕಿಲ್ಲ. ಓದುಗನಿಗೆ ಗೊತ್ತಿಲ್ಲದಿದ್ದದ್ದೆಲ್ಲ ಹೊಸದೇ. ಹೆಡತಲೆಯ ಸುತ್ತಲ ಸೀಮೆಯನ್ನೇ ತೆಗೆದುಕೊಂಡರೆ ಒಂದು ಬೀರು ತುಂಬುವಷ್ಟು ಶಿಫಾರಸುಗಳಿವೆ.

ನಂಜನಗೂಡಿನಲ್ಲಿ 1887ರಲ್ಲಿ ಹುಟ್ಟಿದ ತಿರುಮಲಾಂಬ ಬಾಲ್ಯದಲ್ಲೇ ವಿಧವೆಯಾದರು. ಮನೆಯಲ್ಲೇ ಓದಿ, 1913ರಲ್ಲಿ ‘ಸತೀ ಹಿತೈಷಿಣೀ’ ಎಂಬ ಗ್ರಂಥಮಾಲೆ ಆರಂಭಿಸಿದರು. ಕಾದಂಬರಿ, ನಾಟಕ ಬರೆದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಹೆಣ್ಣುಮಕ್ಕಳಿಗೆ ಓದು ತಲುಪಬೇಕೆಂದು ಬರಹಗಾರ್ತಿ, ಪ್ರಕಾಶಕಿ, ಸಂಪಾದಕಿ ಮೂರೂ ತಾವೇ ಆದರು. ಆಮೇಲೆ ದಶಕಗಳ ಕಾಲ ಅವರ ಹೆಸರು ಮರೆವಿಗೆ ಸಂದಿತ್ತು. ಅವರು ತೀರಿಕೊಂಡದ್ದು 1982ರಲ್ಲಿ. ನಂಜನಗೂಡಿನ ಶಾಲೆಯಲ್ಲಿ ಓದುವ ಹುಡುಗಿಗೆ ಈ ಹೆಸರನ್ನು ಯಾರು ಹೇಳಬೇಕು?

ಇದೇ ತಾಲ್ಲೂಕಿನ ದೇವನೂರಿನವರು ದೇವನೂರ ಮಹಾದೇವ. 1984ರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರ ಭಾಷೆ ಕಷ್ಟ ಎಂದು ಪಟ್ಟಣದ ಓದುಗರು ಹೇಳುವುದುಂಟು. ಸ್ವಾರಸ್ಯವೆಂದರೆ ಆ ಭಾಷೆ ಈ ಸೀಮೆಯ ಜನ ದಿನವೂ ಆಡುವ ಮಾತು. ಕಣ್ಣಿಗೆ ಕಷ್ಟವಾದ ಸಾಲು ಗಟ್ಟಿಯಾಗಿ ಓದಿದರೆ ಕಿವಿಗೆ ಸುಲಭವಾಗುತ್ತದೆ. ವಿದ್ವಾಂಸರು ಬೆವರು ಸುರಿಸುವ ಪುಸ್ತಕವನ್ನು ಇಲ್ಲಿನ ಅಜ್ಜಿಯೊಬ್ಬರು ತಲೆದೂಗುತ್ತ ಕೇಳಬಹುದು. ಆದರೆ ಯಾರಾದರೂ ಪುಸ್ತಕವನ್ನು ಬೀರುವಿನಿಂದ ತೆಗೆದು ಓದಿ ಹೇಳಬೇಕಷ್ಟೆ.

ಸಂಗೀತಕ್ಕೆ ಬಂದರೆ, ತಿ. ನರಸೀಪುರದ ತಿರುಮಕೂಡಲಿನವರು ಪಿಟೀಲು ವಿದ್ವಾಂಸ ಟಿ. ಚೌಡಯ್ಯ. ಹೆಸರಿನ ಮೊದಲ ಅಕ್ಷರವೇ ಊರನ್ನು ಹೇಳುತ್ತದೆ. ಧ್ವನಿವರ್ಧಕ ಇಲ್ಲದ ಸಭೆಗಳಲ್ಲಿ ಹಿಂದೆ ಕೂತವರಿಗೂ ನಾದ ಮುಟ್ಟಲೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಮತ್ತೆ ಮೂರು ತಂತಿ ಸೇರಿಸಿದರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಇದೆ. ಅವರ ಊರಿನ ಸುತ್ತಲ ಗ್ರಂಥಾಲಯಗಳಲ್ಲಿ ವಾರಕ್ಕೆ ಅರ್ಧ ಗಂಟೆ ಅವರ ವಾದನವನ್ನು ಕೇಳಿಸುವುದು ಇಂದಿನ ದಿನಗಳಲ್ಲಿ ಕಷ್ಟದ ಕೆಲಸವಲ್ಲ.

ಶಿಫಾರಸು ಮಾಡುವವರಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಹತ್ತಿರದ ಉದಾಹರಣೆಯಿದೆ. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಬಂತು. ಅನುವಾದಕಿ ದೀಪಾ ಭಾಸ್ತಿ. ಅದರಲ್ಲಿರುವುದು 1990ರಿಂದ 2023ರವರೆಗಿನ ಅವಧಿಯಲ್ಲಿ ಬರೆದ 12 ಕಥೆಗಳು. ಅಂದರೆ ಆ ಕಥೆಗಳಲ್ಲಿ ಕೆಲವು ಮೂರು ದಶಕಗಳಿಂದ ಕನ್ನಡದಲ್ಲೇ ಇದ್ದವು. ಬಹುಮಾನ ಬಂದ ಮೇಲೆ ಕೈಗೆತ್ತಿಕೊಂಡ ಓದುಗರಿಗೆ ಲಂಡನ್ನಿನ ತೀರ್ಪುಗಾರರು ಹೇಳಿದ ಮಾತನ್ನು ಪಕ್ಕದ ಬೀದಿಯ ಗ್ರಂಥಾಲಯದವರು ಮೊದಲೇ ಹೇಳಬಹುದಿತ್ತು.

ಬದಲಾಗುತ್ತಿರುವ ಗಾಳಿ

ಆಶೆ ಬಿಡಬೇಕಾದ ಕಾಲವೇನೂ ಅಲ್ಲ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಹೆಚ್ಚು. ಅವುಗಳಿಗೆ ಈಗ ‘ಅರಿವು ಕೇಂದ್ರ’ ಎಂಬ ಹೆಸರು. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ದಿನಗಳಲ್ಲಿ ಲಕ್ಷಾಂತರ ಮಕ್ಕಳು ಸದಸ್ಯರಾದರು. ಗಟ್ಟಿ ಓದು, ಕಥೆ ಹೇಳುವುದು, ಓದಿದ ಪುಸ್ತಕದ ಬಗ್ಗೆ ನಾಲ್ಕು ಮಾತಾಡುವುದು ಮೊದಲಾದ ಚಟುವಟಿಕೆಗಳು ಹಲವೆಡೆ ನಡೆಯುತ್ತಿವೆ. ಚಾವಡಿಯ ಓದು ಹೊಸ ಹೆಸರಿನಲ್ಲಿ ಮರಳಿದೆ ಎನ್ನಬಹುದು.

ನೆರೆಯ ಕೇರಳವನ್ನೂ ನೋಡಬಹುದು. ನಂಜನಗೂಡಿನಿಂದ ಗುಂಡ್ಲುಪೇಟೆ ದಾಟಿ ಹೋದರೆ ಸಿಗುವ ವಯನಾಡಿನಲ್ಲಿ, ಗ್ರಂಥಾಲಯದ ಮಹಿಳೆಯರು ಚೀಲದಲ್ಲಿ ಪುಸ್ತಕ ಹೊತ್ತು ಮನೆಮನೆಗೆ ಹೋಗಿ ಹೆಂಗಸರಿಗೂ ವೃದ್ಧರಿಗೂ ಕೊಟ್ಟು ಬರುವ ಪದ್ಧತಿ ಇದೆ. ಹೊರಲು ಸಾಧ್ಯವಾಗುವುದು ಒಂದಷ್ಟೇ ಪುಸ್ತಕ. ಹೀಗಾಗಿ ಯಾವ ಮನೆಗೆ ಯಾವುದೆಂದು ಮೊದಲೇ ಯೋಚಿಸಿ ಚೀಲ ತುಂಬಬೇಕು. ಆ ಯೋಚನೆಯೇ ಶಿಫಾರಸು.

ನಮ್ಮಲ್ಲಿ ಇದು ನಿಲ್ಲುವುದಕ್ಕೆ ಕಾರಣಗಳೂ ಇವೆ. ಹಳ್ಳಿಯ ಗ್ರಂಥಾಲಯ ನಡೆಸುವವರು ಬಹುಕಾಲ ಅಲ್ಪ ಗೌರವಧನದಲ್ಲೇ ದುಡಿದವರು. ಒಂದು ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸಬೇಕಾದ ಭಯದಿಂದ ಬೀರುವಿಗೆ ಬೀಗ ಹಾಕುವುದೇ ಕ್ಷೇಮ ಎನ್ನಿಸಿದರೆ ಅವರನ್ನು ದೂರಿ ಫಲವಿಲ್ಲ. ಕಳೆದ ಪುಸ್ತಕದ ಲೆಕ್ಕ ಕೇಳುವ ಹಾಗೆ, ಓದಿದ ಪುಸ್ತಕದ ಲೆಕ್ಕವನ್ನೂ ಕೇಳುವ ಮೇಲಧಿಕಾರಿ ಇದ್ದರೆ ಬೀಗ ತಾನಾಗಿ ಸಡಿಲವಾದೀತು. ಅವರು ದಿನಕ್ಕೆ ಅರ್ಧ ಗಂಟೆ ಕೂತು ಓದುವುದನ್ನೂ ಕೆಲಸವೆಂದೇ ಎಣಿಸಬೇಕು. ಮುಂದಿನ ಖರೀದಿಗೆ ಮುನ್ನ ಅವರ ಅಭಿಪ್ರಾಯವನ್ನು ಒಂದು ಕಾರ್ಡಿನಲ್ಲಾದರೂ ಬರೆಸಿಕೊಳ್ಳಬೇಕು.

ಹದಿನಾರು ಮುಖದ ಚಾವಡಿಯಲ್ಲಿ ಯಾರೂ ಕೆಳಗೆ ಕೂರಬಾರದೆಂದು ನಾಯಕ ಬಯಸಿದನಂತೆ. ಸಮನಾಗಿ ಕೂರಿಸುವುದು ಒಂದು ಕೆಲಸ. ಕೂತವರಿಗೆ ಅವರವರಿಗೆ ಹಿಡಿಸುವುದನ್ನು ಬಡಿಸುವುದು ಇನ್ನೊಂದು. ಮುಂದಿನ ಸಲ ನಿಮ್ಮ ಊರಿನ ಗ್ರಂಥಾಲಯಕ್ಕೆ ಹೋದಾಗ ಪತ್ರಿಕೆ ಓದಿ ಎದ್ದು ಬರುವ ಮುನ್ನ ಮೇಜಿನ ಆಚೆ ಕೂತವರನ್ನು ಒಂದು ಮಾತು ಕೇಳಿ ನೋಡಿ: ‘ಹೊಸದೇನು ಬಂದಿದೆ? ನೀವು ಯಾವುದನ್ನು ಓದಿದಿರಿ?’ ಆ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಅವರಿಗೆ ಕೇಳಿರಲಿಕ್ಕಿಲ್ಲ.